ಇಬೋಯಾಳ ಮೂಗಿಗೆ ರಜೆ ಮಂಜೂರಾದದ್ದು

ನಮ್ಮ ಬಿಸ್ಕತ್ತು ಕಾರ್ಖಾನೆಯು ಎರಡು ದೇಶಗಳಲ್ಲಿ ಸ್ಥಾಪಿತವಾಗಿರುತ್ತದೆ. ಒಲೆ ಹಂಗೇರಿಯಲ್ಲಿ, ನಾನು ಡಬ್ಬಿ ತುಂಬುವ ಮೇಜು ಆಸ್ಟ್ರಿಯಾದಲ್ಲಿ. ನಡುವೆ ನೆಲದ ಮೇಲೊಂದು ಹಳದಿ ಗೆರೆ. ಗೆರೆಯ ಈಚೆ ಕಾಯಿಲೆ ಬಿದ್ದರೆ ಎಂಟು ವಾರ ಪೂರ್ತಿ ಸಂಬಳದ ರಜೆ. ಆಚೆ ಬಿದ್ದರೆ ಹದಿನೈದು ದಿನ, ಅದೂ ಕತ್ತರಿಸಿದ ಸಂಬಳ. ಕೆಮ್ಮು ಮಾತ್ರ ಎರಡೂ ಕಡೆ ಒಂದೇ ತರಹದ್ದು.

ಜಗಳ ಬೇಡವೆಂದು ಆಡಳಿತವು ಒಂಬತ್ತನೇ ನಿಯಮ ಮಾಡಿತು: "ಕಾಯಿಲೆಯು ಮೊದಲ ಸೀನು ಬಿದ್ದ ದೇಶಕ್ಕೆ ಸೇರತಕ್ಕದ್ದು." ಅಂದಿನಿಂದ ಒಲೆಯ ಕಡೆಯವರು ಮೂಗು ಕೆರೆದರೆ ಸಾಕು, ಉಸಿರು ಬಿಗಿಹಿಡಿದು ನಮ್ಮ ಕಡೆ ಓಡಿಬರುತ್ತಿದ್ದರು. ನಾವೂ ದಾರಿ ಬಿಡುತ್ತಿದ್ದೆವು. ಮನುಷ್ಯತ್ವ ಬೇಡವೇ?

ಒಲೆಯ ಬಾಯಲ್ಲಿ ನಿಂತು, ಬಿಸ್ಕತ್ತು ಸೀದಿದೆಯೋ ಇಲ್ಲವೋ ಎಂದು ಮೂಸಿ ಹೇಳುವವಳು ಇಬೋಯಾ. ಇಪ್ಪತ್ತಾರು ವರ್ಷದ ಸರ್ವೀಸು. ಫೆಬ್ರವರಿಯಲ್ಲಿ ಅವಳಿಗೆ ನ್ಯುಮೋನಿಯಾ ಆಯಿತು. "ಎಂಟು ವಾರ ಹಾಸಿಗೆ ಬಿಟ್ಟೇಳಬೇಡಿ, ಎದ್ದರೆ ಜೀವಕ್ಕೇ ಅಪಾಯ" ಎಂದರು ಡಾಕ್ಟರು. ಮೊದಲ ಸೀನಿಗೆ ಅವಳೂ ಓಡಿದ್ದಳು, ಪಾಪ. ಮೂಗು ಗೆರೆ ದಾಟಿತು, ಕಾಲು ದಾಟಲಿಲ್ಲ.

ತನಿಖಾ ಸಮಿತಿ ಅಳತೆಯ ಟೇಪು ಹಿಡಿದು ಬಂತು. ಒಂದು ಚಿಟಿಕೆ ಪಾಪ್ರಿಕಾ ಮೆಣಸಿನ ಪುಡಿ ಮೂಸಿಸಿ ಅವಳನ್ನು ಅದೇ ಜಾಗದಲ್ಲಿ ಮತ್ತೊಮ್ಮೆ ಸೀನಿಸಿತು. ಮ್ಯಾನೇಜರ್ ಎಗ್ಗರ್ ಆದೇಶ ಓದಿದರು: "ಮೂಗಿಗೆ ಎಂಟು ವಾರ ರಜೆ ಮಂಜೂರಾಗಿದೆ. ಶ್ವಾಸಕೋಶ ಮತ್ತು ಉಳಿದ ಅಂಗಗಳು ಹದಿನಾರನೇ ದಿನ ಕೆಲಸಕ್ಕೆ ಹಾಜರಾಗತಕ್ಕದ್ದು."

"ಅಯ್ಯೋ ನನ್ನಪ್ಪಾ, ಮೂಗನ್ನ ಮನೇಲಿ ಬಿಟ್ಟು ಬರ್ಲಾ?" ಅಂದಳು ಇಬೋಯಾ.

"ಜೊತೇಲೇ ಕರ್ಕೊಂಡ್ ಬನ್ನಿ, ಅಡ್ಡಿಯಿಲ್ಲ. ಅದರ ಕೈಲಿ ಕೆಲಸ ಮಾತ್ರ ಮಾಡಿಸ್ಬೇಡಿ. ಕಾನೂನು ಬಹಳ ಕಟ್ಟುನಿಟ್ಟು."

ಆದೇಶವನ್ನು ಇಸಿದುಕೊಂಡು ನಾನು ಮೂರು ಸಲ ಓದಿದೆ. ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಹದಿನಾರನೇ ದಿನ ಇಬೋಯಾ ಮೂಗಿಗೆ ಶಾಲು ಸುತ್ತಿಕೊಂಡು ಬಂದಳು. ದಿನಕ್ಕೆ ಎಂಟು ಗಂಟೆ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೆಮ್ಮುತ್ತಾ ಕೂತಳು. ಮೂಸುವವರಿಲ್ಲದೆ ಬಿಸ್ಕತ್ತು ಸೀದವು. ಅವನ್ನು "ಕಡುಗಪ್ಪು ವಿಶೇಷ" ಎಂಬ ಡಬ್ಬಿಗೆ ನಾನೇ ತುಂಬಿದೆ; ಜನ ಕೊಂಡು ತಿಂದರು, ದೂರು ಬರಲಿಲ್ಲ.

ಮೂರನೇ ವಾರ ಕಾರ್ಮಿಕ ಸಂಘದಿಂದ ಹೂಗುಚ್ಛ ಬಂತು. "ಮೂಗು ಬೇಗ ಗುಣವಾಗಲಿ" ಎಂದು ಚೀಟಿಯಿತ್ತು. ಇಬೋಯಾಳ ಕಣ್ಣು ತುಂಬಿತು. ಶಾಲು ಸರಿಸಿ ಹೂವಿನತ್ತ ಬಾಗಿದಳು.

"ಅಮ್ಮಾ, ಅಮ್ಮಾ!" ಎಗ್ಗರ್ ಓಡಿಬಂದರು. "ಅದು ರಜೇಲಿದೆ!"

ಅವಳು ಗೆರೆಯಾಚೆಯಿಂದ ಹೂವನ್ನು ನನ್ನ ಕೈಗಿತ್ತಳು. ನಾನು ಅವಳ ಪರವಾಗಿ ಮೂಸಿದೆ.

"ವಾಸ್ನೆ ಹೆಂಗಿದ್ಯೇ?" ಅಂದಳು.

"ಚೆನ್ನಾಗಿದೆ ಕಣೇ," ಅಂದೆ.

ಎಗ್ಗರ್ ಅದನ್ನು ದಾಖಲು ಮಾಡಿಕೊಂಡರು. ಎಲ್ಲರೂ ಕೆಲಸಕ್ಕೆ ಮರಳಿದೆವು.