ಅಪ್ಪನ ನಾಲಿಗೆಯ ಮೇಲೊಂದು ಪ್ರಯೋಗ

ನನ್ನ ಮಗಳು ಧನ್ಯಶ್ರೀ ವಿಜ್ಞಾನಿಯಾಗಬೇಕೆಂದು ತೀರ್ಮಾನಿಸಿದವನು ನಾನೇ. ಐದನೇ ಕ್ಲಾಸಿನ ಹುಡುಗಿ, ಶಾಲೆಯಿಂದ ಬಂದವಳೇ ಮೊಬೈಲ್ ಹಿಡಿದು, ಯಾರದೋ ಮನೆಯ ಮಕ್ಕಳು ಆಡುವುದನ್ನು ನೋಡುತ್ತಾ ಕೂರುತ್ತಿದ್ದಳು. ಆಟವನ್ನೂ ಇನ್ನೊಬ್ಬರ ಕೈಲಿ ಆಡಿಸುವಷ್ಟು ಸೋಮಾರಿತನ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. (ಹೆಂಡತಿ ರುದ್ರಾಣಿ ಇದನ್ನು ಒಪ್ಪುವುದಿಲ್ಲ. ನಾನು ಕ್ರಿಕೆಟ್ ನೋಡುವುದನ್ನು ಎತ್ತಿ ಆಡುತ್ತಾಳೆ.)

ಚಿಕ್ಕಮಗಳೂರಿಗೆ ಹೋದಾಗ ಒಂದು ಚೀಲದ ತುಂಬ ವಿಜ್ಞಾನದ ಪುಸ್ತಕ ತಂದೆ. ಎಲ್ಲವೂ ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗಗಳು. ಮಗಳನ್ನು ಎದುರಿಗೆ ಕೂರಿಸಿಕೊಂಡು ಋಷಿಯಂತೆ ಉಪದೇಶಿಸಿದೆ.

"ಯಾರು ಹೇಳಿದ್ರೂ ಸುಮ್ಮನೆ ನಂಬಬೇಡ ಪುಟ್ಟಿ. ನಾನು ಹೇಳಿದ್ರೂ ಅಷ್ಟೇ. ಮಾಡಿ ನೋಡಿ ನಂಬು."

ಹೀಗೆ ನಮ್ಮ ಪಾಕಶಾಲೆ ಪ್ರಯೋಗಶಾಲೆಯಾಯಿತು. ಅಡುಗೆಮನೆಯಲ್ಲಿ ಪ್ರಯೋಗ ಮಾಡುವ ಹಕ್ಕು ತನ್ನೊಬ್ಬಳದೇ ಎಂದು ರುದ್ರಾಣಿ ಗೊಣಗಿದಳು. (ಆ ಹಕ್ಕಿನ ಫಲವನ್ನು ನಾನು ಮದುವೆಯಾದಂದಿನಿಂದ ಉಣ್ಣುತ್ತಿದ್ದೇನೆ.) ಮಗಳು ಕೆಂಪು ದಾಸವಾಳ ಕುದಿಸಿ, ಆ ನೀರಿಗೆ ನಿಂಬೆರಸ ಬಿಟ್ಟು ಗುಲಾಬಿ ಬಣ್ಣ ಬರಿಸಿದಳು, ಸೋಪಿನ ನೀರು ಬಿಟ್ಟು ಹಸಿರು ಬರಿಸಿದಳು. ಮೊಬೈಲ್ ಮೂಲೆ ಸೇರಿತು. ನಾನು ಮೀಸೆ ತಿರುವಿದೆ.

ಆ ಭಾನುವಾರ ಕಳಸದಿಂದ ಗುರುವಯ್ಯನವರು ಬಂದರು. ಕಾಫಿ ಬೆಳೆಗಾರರ ಸಂಘದ ಹಿರಿಯರು. ಸಂಘದ ಕಾಫಿ ರುಚಿಯ ಸ್ಪರ್ಧೆಗೆ ನಾನು ತೀರ್ಪುಗಾರನಾಗಬೇಕೆಂದು ಕೇಳಲು ಬಂದಿದ್ದರು. ಸುತ್ತಮುತ್ತ ನನ್ನಂಥ ನಾಲಿಗೆ ಇನ್ನೊಂದಿಲ್ಲವೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತಂತೆ. (ಹಬ್ಬಿಸಿದವನು ನಾನೇ.) ನಾನು ಸಂಕೋಚ ನಟಿಸುತ್ತಾ, ನಮ್ಮ ಮನೆಯಲ್ಲಿ ಸ್ವಂತ ತೋಟದ ಅಪ್ಪಟ ಪುಡಿಯೇ, ಚಿಟಿಕೆ ಚಿಕೋರಿ ಬಿದ್ದರೂ ನನ್ನ ಮೂಗು ಹಿಡಿದುಬಿಡುತ್ತದೆ ಎಂದೆ.

ಧನ್ಯಶ್ರೀ ಎದ್ದು ಹೋಗಿ, ಗಾಜಿನ ಲೋಟದಲ್ಲಿ ತಣ್ಣೀರು, ಅಡುಗೆಮನೆಯ ಕಾಫಿಪುಡಿ ಡಬ್ಬಿ ಎರಡನ್ನೂ ತಂದಳು. ಕಾಫಿ ತೇಲುತ್ತದೆ, ಚಿಕೋರಿ ಮುಳುಗುತ್ತದೆ ಎಂದು ಪುಸ್ತಕದಲ್ಲಿದೆಯಂತೆ. ಪುಡಿ ಉದುರಿಸಿದಳು. ಅರ್ಧ ತೇಲಿತು. ಉಳಿದರ್ಧ ಕಂದು ಬಣ್ಣದ ಬಾಲ ಬಿಡುತ್ತಾ, ನನ್ನ ಮಾನದ ಜೊತೆಗೇ ತಳ ಸೇರಿತು.

ನಾನು ರುದ್ರಾಣಿಯ ಮುಖ ನೋಡಿದೆ.

"ಮದುವೆಯಾದ ಹೊಸತರಲ್ಲಿ ಬರೀ ಕಾಫಿಪುಡಿನೇ ಹಾಕ್ತಿದ್ದೆ," ಎಂದಳು ಅವಳು ಶಾಂತವಾಗಿ. "ಇದೇನು ನೀರು ನೀರು ಅಂದ್ರಿ. ಅವತ್ತಿಂದ ಚಿಕೋರಿ ಬೆರೆಸ್ತಾ ಇದೀನಿ. ಅದನ್ನೇ ಕುಡಿದು, ನಮ್ಮ ತೋಟದ ಮಣ್ಣಿನ ಗುಣ ಅಂತೀರಿ."

ನಾನು ಸೋಲೊಪ್ಪುವವನಲ್ಲ. ಬೆರೆಸಿದ ಪುಡಿಯಿಂದ ಮೋಸವಾಗಿದೆ, ಬೇರೆ ಬೇರೆ ಕೊಟ್ಟರೆ ಕಣ್ಣು ಮುಚ್ಚಿಕೊಂಡೇ ಹೇಳುತ್ತೇನೆ ಎಂದು ಸವಾಲು ಹಾಕಿದೆ. ಮಗಳು ಸಂತೋಷದಿಂದ ನನ್ನ ಕಣ್ಣಿಗೆ ಟವೆಲ್ ಕಟ್ಟಿದಳು. ರುದ್ರಾಣಿ ಮೂರು ಲೋಟ ತಂದಿಟ್ಟಳು. ನಾನು ಮೂಸಿದೆ, ಗುಟುಕರಿಸಿದೆ, ಬಾಯಿ ತುಂಬ ಹೊರಳಿಸಿದೆ. ಕೊನೆಗೆ ನಡುವಿನ ಲೋಟವನ್ನು ಎತ್ತಿ ಹಿಡಿದು, ಇದೇ ನಮ್ಮ ತೋಟದ ಅಪ್ಪಟ ಕಾಫಿ, ಈ ಪರಿಮಳಕ್ಕೆ ಎರಡನೆಯದಿಲ್ಲ ಎಂದು ತೀರ್ಪಿತ್ತೆ.

ಟವೆಲ್ ಬಿಚ್ಚಿದೆ. ಗುರುವಯ್ಯನವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಅದ್ರಲ್ಲಿ ಕಾಫಿನೇ ಇಲ್ಲ ಅಪ್ಪ," ಎಂದಳು ಮಗಳು. "ಬರೀ ಚಿಕೋರಿ."

ಹೊರಡುವಾಗ ಗುರುವಯ್ಯನವರು ನನ್ನ ಬೆನ್ನು ತಟ್ಟಿದರು. "ತೀರ್ಪು ಬೇರೆ ಯಾರಾದ್ರೂ ಕೊಡ್ಲಿ ಮಾರಾಯ್ರೆ. ನೀವು ಊಟದ ಕಡೆ ನೋಡ್ಕೊಳ್ಳಿ."

ಸಂಜೆ ಜಗಲಿಯಲ್ಲಿ ಒಬ್ಬನೇ ಕೂತಿದ್ದೆ. ಧನ್ಯಶ್ರೀ ಬಂದು ಪಕ್ಕ ಕೂತಳು. ಶನಿವಾರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿದೆ, ನಾನು ಬರಲೇಬೇಕು ಎಂದಳು. ನನ್ನ ಎದೆ ಮತ್ತೆ ಉಬ್ಬಿತು. ಮಗಳಲ್ಲಿ ವಿಜ್ಞಾನದ ಹಸಿವು ಹುಟ್ಟಿಸಿದ ತಂದೆಯನ್ನು ಶಾಲೆಯವರು ವೇದಿಕೆಗೆ ಕರೆಯದೆ ಬಿಟ್ಟಾರೆಯೇ? ಭಾಷಣ ಎಷ್ಟು ಹೊತ್ತಿನದಿರಬೇಕು ಎಂದು ಕೇಳಿದೆ.

"ಭಾಷಣ ಇಲ್ಲ ಅಪ್ಪ, ನನ್ನ ಮೇಜಿನ ಹತ್ರ ಟವೆಲ್ ಕಟ್ಕೊಂಡು ಕೂತ್ರೆ ಸಾಕು," ಎಂದಳು. "ಬೇರೆಯವ್ರೆಲ್ಲ ಜ್ವಾಲಾಮುಖಿ ತರ್ತಾರೆ. ನಾನು ನಿಮ್ಮನ್ನ ತರ್ತೀನಿ ಅಂತ ಹೇಳಾಗಿದೆ."