ಅಂಜುಬುರುಕ ಮಾಸ್ತರನ ಆಸನದ ಸಾಲಿ

ಫಜೀತಿ ಅನ್ನೂವು ಧೈರ್ಯಸ್ಥರ ಮನಿಗಿ ಹೋಗೂದಿಲ್ಲರಿ. ಅಂಜಾವ ಎಲ್ಲಿದ್ದಾನಂತ ಕೇಳಕೋತ ಬಂದು ಅವನ ಮನೀಗೇ ಹೊಕ್ಕತಾವ. ನಾ ಹುಟ್ಟಾ ಅಂಜುಬುರುಕ. ಭೀಮಾ ಹೊಳಿ ದಂಡಿಮ್ಯಾಲಿನ ಮಣ್ಣೂರಾಗ ಹುಟ್ಟಿ, ಮೊಳಕಾಲಿಗಿಂತ ಹೆಚ್ಚು ನೀರಿಗಿ ಇಳೀದನೇ ಬೆಳದಾವ. ಇಂಥಾವನ ಕೊರಳಿಗಿ ನಿಜಾಮರ ಕಾಲದಾಗ ಮಂದಿಗಿ ಯೋಗಾಸನ ಕಲಿಸೂ ಕೆಲಸ ಬಿತ್ತು.

ಆಗ ನಾ ಜಿಡಗಾ, ಖಜೂರಿ ನಡುವಿನ ಒಂದು ಹಳ್ಳ್ಯಾಗ ಸರಕಾರಿ ಸಾಲಿ ಮಾಸ್ತರ. ಆ ದಿನಮಾನದಾಗ ಗರಡಿ ತೆಗೀಬೇಕಂದ್ರ, ನಾಕ ಮಂದಿ ಒಂದ ಕಡಿ ಕೂಡಬೇಕಂದ್ರ ಸರಕಾರದ ಇಜಾಜತ್, ಅಂದ್ರ ಅಪ್ಪಣಿ, ಬೇಕಿತ್ತು. ಇಜಾಜತ್ ಇಲ್ಲದ ಸಿಕ್ಕೊಂಡ್ರ ನೌಕರಿನೂ ಹೋಗ್ತಿತ್ತು, ಪೊಲೀಸ್ ಹವಾಲಾತಿನಾಗ ಕೂಡೂದೂ ಬರ್ತಿತ್ತು. ಓದೋರು ಇದನ್ನ ಮರೀಬ್ಯಾಡ್ರಿ. ನಾ ಅಂತೂ ಒಂದು ಗಳಿಗಿ ಮರೀಲಿಲ್ಲ.

ಮುಟ್ಟೂದು ಬೇಕಿಲ್ಲದ ಔಷಧ

ಅಂಜಿ ಅಂಜಿ ನನಗ ಹೊಟ್ಟಿಶೂಲಿ ಹತ್ತಿತ್ತು. ಉಂಡದ್ದು ದಕ್ತಿದ್ದಿಲ್ಲ. ಮಠದ ಅಪ್ಪಗೋಳು ಕರದು ನಾಕ ಆಸನ ಕಲಿಸಿ, "ದಿನಾ ಮಾಡು. ಗುಣಾ ಆದಮ್ಯಾಗ ಮಂದಿಗಿ ಕಲಿಸು" ಅಂದ್ರು. ಗುಣಾನೂ ಆತು. ಇನ್ನ ಮಂದಿ ಹುಡಕಬೇಕಲ್ಲ? ಮೊದಲ ಊರ ಪೊಲೀಸ್ ಪಟೇಲ, ನಮ್ಮ ಪಾಟೀಲರ ಮನಿಗಿ ಹೋಗಿ ಕೇಳ್ದೆ.

"ನಮಗ ಯಾಕೋ ಮಾಸ್ತರ? ಮೈ ಬಗ್ಗಸೂ ಕೆಲಸಕ್ಕ ನಾವು ಆಳ ಇಟ್ಟೇವಿ" ಅಂದ್ರು ಪಾಟೀಲರು, ಎಲಿಗಿ ಸುಣ್ಣ ಹಚ್ಚಕೋತ.

ಮರುದಿನ ಊರ ಹೊರಗಿನ ಕೇರಿ ಹಿರಿಯಾ ಬಂದ. ಕೇರಿಗಿ ಕೇರಿನೇ ಅವನ ಮಾತಿನ್ಯಾಗ ನಡೀತಿತ್ತು, ಎಲ್ಲಾರೂ ಮುತ್ಯಾ ಅಂತಿದ್ರು. ಸಾಲಿ ಕಟ್ಟಿ ಹತ್ತಲಿಲ್ಲ. ಹತ್ತಾಕ ಬಿಡತಿದ್ದಿಲ್ಲ ಅನ್ನೂದೇ ಖರೇ. ಕೆಳಗ ನಿಂತೇ ಕರದ.

"ಮಾಸ್ತರ, ನಮ್ಮ ಮಂದಿ ನಡಾ ಹಿಡಕೊಂಡು, ಮೊಳಕಾಲ ಹಿಡಕೊಂಡು ಸಾಯಾಕತ್ತದರಿ. ನಮಗೂ ಅದನ್ನ ಕಲಸ್ರಿ."

"ವೈದ್ಯರ ಹತ್ರ ಹೋಗಬೇಕಿಲ್ಲೇನು ಮುತ್ಯಾ?"

"ವೈದ್ಯ ನಾಡಿ ಹಿಡೀಬೇಕಂದ್ರ ಮುಟ್ಟಬೇಕಲ್ರಿ? ಅವ ಮುಟ್ಟೂದಿಲ್ಲ. ನಿಮ್ಮ ವಿದ್ಯಾದಾಗ ಮುಟ್ಟೂದೇ ಬೇಕಿಲ್ಲಂತ, ದೂರ ನಿಂತು ಬಾಯಲೆ ಹೇಳಿದ್ರ ಸಾಕಂತ. ನಮ್ಮ ಸಲುವಾಗೇ ಮಾಡಿಟ್ಟಂಗ ಅದ."

ಅವ ನಕ್ಕೋತ ಹೇಳಿದ. ನನಗ ನಗು ಬರಲಿಲ್ಲ, ನಾಚಿಕಿ ಬಂತು. ನಾಚಿಕಿ ಬೆನ್ನಿಗೇ ಅಂಜಿಕಿನೂ ಬಂತು.

"ಇಜಾಜತ್ ಇಲ್ಲಲ್ಲ ಮುತ್ಯಾ? ಪೊಲೀಸ್ ಅಮೀನ ಸಾಹೇಬ ನೋಡಿದ್ರ ಏನು ಗತಿ?"

"ನೀವು ಬಾಳ ಅಂಜತೀರಿ. ವೈದ್ಯನೇ ಬರದ ಕೇರಿಗಿ ಅಮೀನ ಯಾಕ ಬರ್ತಾನ್ರಿ!"

ಗ್ವಾಡಿ ಕಡಿ ಮಾರಿ

ಕೇರ್ಯಾಗ ಗಂಡಸರ ಆಸನದ ಸಾಲಿ ಸುರು ಆಗಿ ಸ್ವಲ್ಪ ದಿನಕ್ಕ ಮುತ್ಯಾನ ಹೆಂಡತಿ ಬಂದಳು.

"ನಡಾ ಅನ್ನೂದು ಇವರೊಬ್ಬರಿಗೇ ಅದ ಏನ್ರಿ ಮಾಸ್ತರ? ದಿನಾ ಬಗ್ಗಿ ಹೊಲದಾಗಿನ ಕಸಾ ತಗಿಯೋರು ನಾವು!"

ಮಾತು ಸುಳ್ಳಲ್ಲ. ಆದ್ರ ಹೆಣ್ಣಮಕ್ಕಳಿಗಿ ಗಂಡಸು ಕಲಿಸೂದಂದ್ರ ಹ್ಯಾಂಗ, ಅದೂ ಇನ್ನಾ ಲಗ್ನ ಆಗದಾವ? ಅವರ ಮಾವಂದಿರು ಬ್ಯಾರೆ ಎದರಿನ ಕಟ್ಟಿಮ್ಯಾಲ ಕುಂತು ನನ್ನೇ ನೋಡಾಕತ್ತಿದ್ರು. ಮುತ್ಯಾನ ಹೆಂಡತಿನೇ ಹಾದಿ ತೆಗದಳು. ಹೆಣ್ಣಮಕ್ಕಳು ತಲಿತುಂಬ ಸೆರಗ ಹೊದ್ದು ಗ್ವಾಡಿ ಕಡಿ ಮಾರಿ ಮಾಡಿ ಕೂಡೂದು, ನಾ ಹಿಂದ ದೂರ ನಿಂತು ಒದರೂದು.

"ಮೊಳಕಾಲ ಮಡಿಚಿ ಕೂಡ್ರಿ. ಕೈ ಹಿಂದ ಕಟ್ಟಿಕೋರಿ" ಅಂದೆ. ಸರಿ ಮಾಡಿದ್ರು. ನನಗ ಹುರುಪು ಬಂತು. "ಈಗ ಮುಂದ ಬಗ್ಗಿ ಹಣಿ ನೆಲಕ್ಕ ಹಚ್ಚರಿ!"

ಗ್ವಾಡಿ ಇದ್ದದ್ದು ಅವರ ಮಾರಿಮುಂದ, ಒಂದು ಗೇಣು ಅಂತರದಾಗ. ಅದೂ ಅವತ್ತೇ ಮುಂಜಾನಿ ಸೆಗಣಿಲೆ ಸಾರಿಸಿದ ಗ್ವಾಡಿ. ಮಾಸ್ತರ ಹೇಳ್ಯಾನಂದಮ್ಯಾಗ ಮತ್ತೇನು? ಅಷ್ಟೂ ಹಣಿ ಒಮ್ಮಿಗೇ ಹೋಗಿ ಗ್ವಾಡಿಗಿ ಧಡ್ ಅಂತ ಬಡದ್ವು. ಅಷ್ಟೂ ಮಂದಿ ಹಣಿತುಂಬ ಹಸೀ ಸೆಗಣಿ ಹಚಗೊಂಡು ನನ್ನ ಕಡಿ ತಿರುಗಿದ್ರು.

ನಾ ಚಪ್ಪಲಿ ಕೈಯಾಗ ತಗೊಂಡು ಓಡೂದರಾಗಿದ್ದೆ. ಅಷ್ಟರಾಗ ಒಬ್ಬಾಕಿ ಕಿಸಕ್ಕಂದಳು. ಆಮ್ಯಾಲ ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕಿದ್ದೇ ನಕ್ಕಿದ್ದು, ಕಟ್ಟಿಮ್ಯಾಲಿನ ಮಾವಂದಿರೂ ನಕ್ಕರು.

"ನಮಗಿಂತ ನಿಮಗೇ ನಾಚಿಕಿ ಹೆಚ್ಚದ ಮಾಸ್ತರ" ಅಂದಳು ಮುತ್ಯಾನ ಹೆಂಡತಿ. "ನಾಳಿಂದ ನೀವು ಗ್ವಾಡಿ ಕಡಿ ಮಾರಿ ಮಾಡಿ ಕೂಡ್ರಿ. ನಾವು ನಿಮ್ಮ ಬೆನ್ನ ನೋಡಿ ಕಲೀತೇವಿ."

ಹಂಗೇ ಆತು. ಆ ಹೆಣ್ಣಮಕ್ಕಳು ಆಸನ ಸರಿ ಮಾಡತಿದ್ರೋ ಇಲ್ಲೋ ನಾ ಒಂದು ದಿನಾನೂ ನೋಡಿಲ್ಲ. ಗ್ವಾಡಿ ಮಾತ್ರ ನನಗ ಬಾಯಿಪಾಠ ಆಗ್ಯದ.

ಕುಂತು ಸತ್ತಾವ, ಮಲಗಿ ಸತ್ತವರು

ನಮ್ಮ ಲಿಂಗವಂತರಾಗ ಸತ್ತವರನ್ನ ಕೂಡಸ್ತಾರ. ಮೈ ತೊಳದು, ಹಣಿಗಿ ವಿಭೂತಿ ಹಚ್ಚಿ, ಕಾಲ ಮಡಚಿಸಿ, ಬೆನ್ನಿಗಿ ಆಸರಾ ಕೊಟ್ಟು ಕೂಡಸ್ತಾರ. ಕೇರ್ಯಾಗ ಮಲಗಸ್ತಾರ, ಮ್ಯಾಲ ಅರಿವಿ ಹೊದಸ್ತಾರ. ಇದು ಊರಾಗ ಎಲ್ಲಾರಿಗೂ ಗೊತ್ತಿದ್ದದ್ದೇ. ನನಗೂ ಗೊತ್ತಿತ್ತು, ಆದ್ರ ಅವತ್ತು ನೆನಪಾಗಲಿಲ್ಲ.

ಚಳಿಗಾಲದ ಮುಂಜಾನಿ. ಎಲ್ಲಾರಿಗೂ ಶವಾಸನ ಹೇಳಿದ್ದೆ. ಥಂಡಿ ಅಂತ ಮಂದಿ ತಲಿತನಕ ಧೋತರ, ಕೌದಿ ಹೊದ್ದು ಮಲಗಿದ್ರು. ನಾ ಬೇವಿನ ಗಿಡಕ್ಕ ಬೆನ್ನ ಹಚ್ಚಿ, ಪದ್ಮಾಸನ ಹಾಕಿ, ಕಣ್ಣ ಮುಚ್ಚಿ ಕುಂತಿದ್ದೆ. ಹಣಿಮ್ಯಾಲ ವಿಭೂತಿ ಇದ್ದೇ ಇತ್ತು.

ಪಾಟೀಲರ ತಾಯಿ, ಬಾಳ ವಯಸ್ಸಾದ ಆಯಿ, ಜ್ವಾಳ ಕೊಯ್ಯಾಕ ಆಳ ಕರೀಬೇಕಂತ ಕೋಲ ಊರಕೋತ ಕೇರಿ ಅಂಚಿಗಿ ಬಂದಳು. ನೋಡಿದಳು. ಮಾಸ್ತರ ಕುಂತಾನ, ಕೇರಿ ಮಂದಿ ಮಲಗ್ಯದ. ಎಲ್ಲಾರೂ ಅವರವರ ರೀತಿ ಪ್ರಕಾರ ಹೋಗ್ಯಾರ!

"ಯಪ್ಪೋ! ಗತ್ತರ್ ಬಂತಲ್ರೋ!" ಅಂತ ಬಾಯಿ ಬಡಕೊಂಡು ಕುಂತೇಬಿಟ್ಟಳು. ಪ್ಲೇಗಿಗಿ ನಮ್ಮ ಕಡಿ ಗತ್ತರ್ ಅಂತಾರ. ನಾ ಕಣ್ಣ ತೆಗೀಬೇಕಂದೆ. ತೆಗದ್ರ ಆಯಿ ಎದಿ ಒಡದು ಹೋದೀತಂತ ಅಂಜಿ ಮುಚಗೊಂಡೇ ಕುಂತೆ. ಆಯಿ ಹಾಡಿ ಹಾಡಿ ಅತ್ತಳು. "ಮಾಸ್ತರ ನನ್ನಪ್ಪಾ, ಲಗ್ನಾ ಆಗದನೇ ಹ್ವಾದ್ಯಲ್ಲೋ! ಬಂಗಾರದಂಥಾ ಗುಣದಾವನೋ!" ಬದುಕಿದ್ದಾಗ ಈ ಮಾತು ನನಗ ಯಾರೂ ಅಂದಿರಲಿಲ್ಲ, ಕೇಳಾಕ ಚಂದ ಇತ್ತು. ಆಮ್ಯಾಲ ಕೇರಿ ಮಂದಿ ಕಡಿ ಹೊಳ್ಳಿ ಹೆಚ್ಚಿನ ದನಿ ತೆಗದಳು. "ನಿಮ್ಮ ಹಣೇಬಾರಾ ಸುಡ್ಲಿ, ನನ್ನ ಜ್ವಾಳ ಇನ್ನ ಯಾರು ಕೊಯ್ಯೋರೋ!"

ಕೌದಿ ಒಳಗಿಂದ ಮುತ್ಯಾ, "ಅಳಬ್ಯಾಡ ಆಯಿ, ಕೊಯ್ಯಾಕ ಬರ್ತೇವಿ" ಅಂದ.

ಆಯಿ ಅಲ್ಲೇ ಮೂರ್ಛಿ ಬಿದ್ದಳು. ನೀರ ಹೊಡದು ಎಬ್ಬಿಸಿದ್ವಿ. ಎದ್ದಾಕಿ ನನ್ನ ಮಾರಿ ಮುಟ್ಟಿ ಮುಟ್ಟಿ ನೋಡಿ, ಸಿಟ್ಟಿಲೆ ಕೋಲ ಎತ್ತಿದಳು.

"ನೀ ಸತ್ತಿಲ್ಲಂದ್ರ ಹೇಳಬೇಕಿಲ್ಲೇನೋ? ಅಷ್ಟ ಅತ್ತದ್ದು ವಾಪಸ್ ಯಾರು ಕೊಡ್ತಾರ?"

ಕಚೇರ್ಯಾಗ ಮಾಡಿದ ಆದಾಬ್

ತಾಯಿಗಿ ಹಿಂಗಾತಂತ ಪಾಟೀಲರು ಕೆಂಡ ಆದ್ರು. ಟಾಂಗಾ ಕಟ್ಟಿಸಿಕೊಂಡು ನೆಟ್ಟಗ ಆಳಂದದ ಕಚೇರಿಗಿ ಹೋಗಿ, ಮಾಸ್ತರ ಕೇರ್ಯಾಗ ಫೌಜು, ಅಂದ್ರ ದಂಡು, ಕಟ್ಟಾಕತ್ತಾನಂತ ಹೇಳಿ ಬಂದ್ರು. ನನಗ ಬುಲಾವ್ ಬಂತು. ಹೋಗಿದ್ದ ಹೊಟ್ಟಿಶೂಲಿ ಹಾದ್ಯಾಗೇ ತಿರುಗಿ ಬಂತು.

ಕಚೇರ್ಯಾಗ ಪೇಶಕಾರ, ಅಂದ್ರ ಸಾಹೇಬರ ಕಾರಕೂನ, ಕುಂತಿದ್ದ. "ಏನದು ನೀ ಕಲಸೂದು? ಮಾಡಿ ತೋರ್ಸು" ಅಂದ.

ಸುಮ್ಮನ ಕುಂತು ಕಣ್ಣ ಮುಚ್ಚಿದ್ರ ಮುಗೀತಿತ್ತಲ್ರಿ? ಅಂಜಿಕ್ಯಾಗ ಬುದ್ಧಿ ಎಲ್ಲಿ ನೆಟ್ಟಗಿರ್ತದ! ಧೋತರದ ಕಚ್ಚಿ ಬಿಗಿ ಮಾಡಿ ಶೀರ್ಷಾಸನ ಹಾಕೇಬಿಟ್ಟೆ. ತಲಿ ಕೆಳಗ, ಕಾಲ ಮ್ಯಾಲ. ಅದೇ ಹೊತ್ತಿಗಿ ತಹಸೀಲ್ದಾರ ಸಾಹೇಬರು ಒಳಗ ಬಂದ್ರು. ಪೇಶಕಾರ, ಚಪರಾಸಿ ಎಲ್ಲಾರೂ ದಡಬಡಿಸಿ ಎದ್ದು ಬಗ್ಗಿ, ಕೈ ಹಣಿಗಿ ಹಚ್ಚಿ ಆದಾಬ್ ಮಾಡಿದ್ರು. ನಾ ಹ್ಯಾಂಗ ಮಾಡ್ಲಿ? ಕೈ ಎರಡೂ ನೆಲಕ್ಕಿದ್ವು. ಮಾಡದಿದ್ರ ಬೇಅದಬಿ, ಸರಕಾರಕ್ಕ ಮರ್ಯಾದಿ ಕೊಡದಂಗ. ಮಾಡಾಕ ಕೈ ತೆಗದ್ರ ಸಾಹೇಬರ ಮ್ಯಾಲೇ ಬೀಳ್ತೇನಿ. ಕಡೀಕ ಕೆಳಗಿಂದಲೇ, "ಆದಾಬ್ ಸರಕಾರ್!" ಅಂತ ಒದರಿ ಎರಡೂ ಕಾಲ ಕೂಡಿಸಿ ಸ್ವಲ್ಪ ಬಗ್ಗಸಿದೆ.

ಸಾಹೇಬರು ನಿಧಾನಕ್ಕ ಕುರ್ಚಿಮ್ಯಾಲ ಕುಂತು, ಕೆಳಗ ಬಗ್ಗಿ ನನ್ನ ಮಾರಿ ನೋಡಿದ್ರು. ಅವರು ಅಂದದ್ದು ಉರ್ದುದಾಗ, ನಾ ನಮ್ಮ ಮಾತಿನ್ಯಾಗ ಹೇಳ್ತೇನಿ.

"ನನ್ನ ಹುಕುಂ ಕೇಳಿದಮ್ಯಾಗ ಹಿಂಗ ತಲಿಕೆಳಗಾದವರನ್ನ ಬಾಳ ನೋಡೇನಿ. ಹುಕುಂ ಕೇಳೂಕಿಂತ ಮೊದಲೇ ಆದಾವ ನೀನೊಬ್ಬನೇ."

ನಾ ಇಳದು ನಿಂತಮ್ಯಾಗ ಅವರ ಮಾರಿಮ್ಯಾಗಿನ ನಗು ಹೋತು. "ನಾನೇ ಬಂದು ನೋಡ್ತೇನಿ. ಮಂದಿ ಸಾಲಾಗಿ ನಿಂತದ್ದು, ಒಂದೇ ದನಿಲೆ ಒದರಿದ್ದು ಕಂಡ್ರ ಅದು ಕವಾಯತು. ಕವಾಯತು ಆದ್ರ ನಿನ್ನ ಸಾಲಿ ಬಂದ್, ನೌಕರಿ ಬಂದ್, ನೀನೂ ಒಳಗ. ಇಲ್ಲಾಂದ್ರ ಇಜಾಜತ್ ಕೊಡ್ತೇನಿ."

ಹೊರಗ ಬಂದಾಗ ಚಪರಾಸಿ ಕಿವ್ಯಾಗ ಹೇಳ್ದ. "ಮಾಸ್ತರ, ಚಿಂತಿ ಮಾಡಬ್ಯಾಡ್ರಿ. ಸಾಹೇಬರಿಗಿ ಕಾಲಲೇ ಆದಾಬ್ ಮಾಡಿ ಬದುಕಿ ಬಂದಾವ ನೀವೊಬ್ಬರೇ ಇದ್ದೀರಿ."

ಸಾಹೇಬರು ಬಂದ ದಿನ

ಹಳ್ಳಿಗಿ ಬಂದು ಎಲ್ಲಾ ಹೇಳ್ದೆ. ಹೇಳಕೋತ ಹೇಳಕೋತನೇ ನನಗ ಹೊಳೀತು. ಸಾಹೇಬರು ಕೇರಿಗಿ ಬಂದ್ರ ಮಂದಿ ಏನು ಮಾಡಬೇಕು? ಮೊದಲಿಂದ ಬಂದ ಪದ್ಧತಿ ಅಂದ್ರ, ಎಲ್ಲಾರೂ ಎದ್ದು, ಸಾಲಾಗಿ ನಿಂತು, ನೆಲ ಮುಟ್ಟಿ, ಒಂದೇ ದನಿಲೆ "ಶರಣ್ರಿ ಸರಕಾರ!" ಅನ್ನಬೇಕು. ಕವಾಯತು ಅಂದ್ರ ಇನ್ನೇನರಿ ಮತ್ತ?

"ಎದ್ದು ನಿಂತ್ರ ನಾ ಒಳಗ ಹೋಗ್ತೇನಿ. ಏಳದಿದ್ರ ಪಾಟೀಲರು ನಿಮ್ಮ ಚರ್ಮಾ ಸುಲೀತಾರ. ಏನು ಮಾಡೂದು ಮುತ್ಯಾ?" ಅಂದೆ. ಅಳೂದೊಂದೇ ಬಾಕಿ ಇತ್ತು.

ಮುತ್ಯಾ ಗಡ್ಡ ಕೆರಕೊಂಡ. "ಈ ವಿದ್ಯಾ ಬಂದಮ್ಯಾಗ ನಮ್ಮ ಮಂದಿ ನೆಟ್ಟಗ ನಡ್ಯಾಕತ್ತದ ಮಾಸ್ತರ. ಇದನ್ನ ಬಿಡಾಕ ನಾ ತಯಾರಿಲ್ಲ. ನೀವು ಹೋಗಿ ಉಣ್ರಿ." ನನಗ ಎಲ್ಲಿ ಊಟ ಇಳೀತದ!

ಟಾಂಗಾ ಬಂತು. ಪೇಶಕಾರ ಟಾಂಗಾದಾಗೇ ಉಳದ. ಸಾಹೇಬರು ಇಳದು ಕೇರಿಯೊಳಗ ಬಂದ್ರು. ಬೆನ್ನಿಗಿ ಪಾಟೀಲರು, ಧೋತರ ಎತ್ತಿ ಹಿಡಕೊಂಡು, ನೆಲ ಎಷ್ಟು ಕಡಿಮಿ ಮುಟ್ಟಿದ್ರ ಅಷ್ಟು ಛಲೋ ಅನ್ನೂವಂಗ ಹೆಜ್ಜಿ ಇಡತಿದ್ರು. ಹುಟ್ಟಿದಾಗಿಂದ ಆ ಕೇರ್ಯಾಗ ಕಾಲಿಟ್ಟಿರಲಿಲ್ಲ.

ಬೇವಿನ ಗಿಡದ ಕೆಳಗ ಕೇರಿಗಿ ಕೇರಿನೇ ಶವಾಸನದಾಗ ಮಲಗಿತ್ತು. ಮುತ್ಯಾ ಎಲ್ಲಾರಿಗಿಂತ ಮುಂದ. ಹೆಣ್ಣಮಕ್ಕಳು ಆ ಕಡಿ ಸೆರಗ ಹೊದ್ದು ಮಲಗಿದ್ರು. ಸಾಹೇಬರು ಬಂದು ತಲಿಹಂತ್ಯಾಕ ನಿಂತ್ರೂ ಒಬ್ಬರೂ ಮಿಸುಕಲಿಲ್ಲ.

"ಏಳ್ರಲೇ! ಸರಕಾರ ಬಂದಾರ, ಕಣ್ಣ ಕಾಣೂದಿಲ್ಲೇನು?" ಪಾಟೀಲರ ದನಿ ಒಡೀತು. ಯಾರೂ ಏಳಲಿಲ್ಲ. ಇವತ್ತಿಗಿ ನಾ ಮುಗದೆ ಅಂದಕೊಂಡೆ.

ಮುತ್ಯಾ ಕಣ್ಣ ಮುಚಗೊಂಡೇ, ಬಾಳ ಮರ್ಯಾದಿಲೆ ಅಂದ. "ಸರಕಾರ, ಎದ್ದು ಶರಣು ಮಾಡಿದ್ರ ಕವಾಯತು ಆಗ್ತದರಿ. ಮಲಗಿದ್ರ ಬೇಅದಬಿ ಆಗ್ತದರಿ. ಯಾವುದಕ್ಕ ಸಜಾ ಕಡಿಮಿ ಅದ ಹೇಳ್ರಿ, ಅದನ್ನ ಮಾಡ್ತೇವಿ."

ಸಾಹೇಬರು ನಕ್ಕರು ನೋಡ್ರಿ, ಟೊಪ್ಪಿಗಿ ತೆಗದು ಕಣ್ಣ ಒರಸಿಕೊಂಡು ನಕ್ಕರು.

"ಮಲಗಿದ ಮಂದಿಯಿಂದ ಸರಕಾರಕ್ಕ ಏನು ಅಂಜಿಕಿ? ಮಲಗೋರಿಗಿ ಇಜಾಜತ್ ಅದ. ನಿಂತವ ಕವಾಯತು ಮಾಡಿದಂಗ." ಅಂದು ಸುತ್ತ ನೋಡಿದ್ರು. ಕೈ ತೊಡಿಗಿ ಹಚ್ಚಿ, ಸೆಟದು, ಸಿಪಾಯಿ ಹಂಗ ನಿಂತಾವ ನಾ ಒಬ್ಬ. "ಇಲ್ಲಿ ಫೌಜು ಅಂದ್ರ ಇವನೊಬ್ಬನೇ ಕಾಣ್ತಾನ. ಮಲಗೋ!"

ನಾ ಇದ್ದಲ್ಲೇ ಬಿದ್ದೆ.

"ಸರಕಾರ, ಮಾಸ್ತರ ನಮ್ಮ ಪೈಕಿ! ಈ ಕೇರಿ ನೆಲದ ಮ್ಯಾಲ ಇವರ ಬಾಜೂಕ ಮಲಗೂದಂದ್ರ..." ಅಂದ್ರು ಪಾಟೀಲರು.

ಸಾಹೇಬರು ಅವರ ಕಡಿ ತಿರುಗಿದ್ರು. "ಪಟೇಲ, ನೀನೂ ನಿಂತೇ ಇದ್ದೀಯಲ್ಲ?"

ಪಾಟೀಲರು ನನ್ನ ನೋಡಿದ್ರು, ನೆಲ ನೋಡಿದ್ರು, ಸಾಹೇಬರ ಮಾರಿ ನೋಡಿದ್ರು. ಆಮ್ಯಾಲ ರುಮಾಲ ಸುದ್ದಾ ಮುತ್ಯಾನ ಬಾಜೂಕ ಅಂಗಾತ ಮಲಗಿದ್ರು.

ಟಾಂಗಾ ಹೋದ ಸಪ್ಪಳ ಬಂತು. ಆದ್ರೂ ಯಾರೂ ಏಳಲಿಲ್ಲ. ಪಾಟೀಲರು ಮುಗಲ ನೋಡಕೋತ, ತುಟಿ ಅಲ್ಲಾಡಿಸದ, ಪಿಸುಮಾತಿನ್ಯಾಗ ಕೇಳಿದ್ರು. "ಮಾಸ್ತರ, ಸಾಹೇಬರು ಹೋದ್ರೇನೋ? ಏಳಾಕ ಇಜಾಜತ್ ಅದ ಏನೋ?"

"ನನಗೂ ಗೊತ್ತಿಲ್ರಿ" ಅಂದೆ.

ಮುತ್ಯಾ ಕಣ್ಣ ತೆಗದ. ನಿಧಾನಕ್ಕ ಎದ್ದ, ಧೋತರ ಝಾಡಿಸಿಕೊಂಡ, ನಡಾ ನೆಟ್ಟಗ ಮಾಡಿ ನಮ್ಮಿಬ್ಬರ ತಲಿ ಮ್ಯಾಲ ನಿಂತ.

"ಮಲಗಾಕಷ್ಟೇ ಸರಕಾರಕ್ಕ ಕೇಳಬೇಕ್ರಿ ಪಾಟೀಲರ" ಅಂದ. "ಏಳಾಕ ಯಾರನ್ನೂ ಕೇಳೂದಿಲ್ಲ."