ಹರಕೆಯ ಮೆಟಲ್ ಆಟ

ಕುಂದಾಪುರ ಸೀಮೆಯಲ್ಲಿ ರಾಕ್ ಹಾಗೂ ಮೆಟಲ್ ಸಂಗೀತವು ಇಂದಿಗೂ ಪ್ರಸ್ತುತವಾಗಿದೆ ಎಂಬುದನ್ನು ಈ ಮೂಲಕ ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ. ಬಸ್ರೂರಿನ ‘ತುಕ್ಕು’ ತಂಡದ ಆಟಗಳು, ಅಂದರೆ ಪ್ರದರ್ಶನಗಳು, 2060ರವರೆಗೆ ಬುಕ್ ಆಗಿವೆ. ಕೇಳುವವರು ಯಾರೂ ಇಲ್ಲ ಎಂಬ ಒಂದು ಸಣ್ಣ ವಿಷಯವನ್ನು ಬಿಟ್ಟರೆ, ಈ ಸಂಗೀತಕ್ಕೆ ಇಷ್ಟು ಒಳ್ಳೆಯ ಕಾಲ ಹಿಂದೆಂದೂ ಬಂದಿರಲಿಲ್ಲ.

ತಂಡದ ಹಾಡುಗಾರ ಸುಮಿತನಿಗೆ ಮಾತ್ರ ಆ ಸಣ್ಣ ವಿಷಯವೇ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು. ಅವನು ಹಗಲು ಕುಂದಾಪುರದ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಸಂಜೆ ಡ್ರಮ್ಮಿನ ಅನೂಪ್, ಗಿಟಾರಿನ ಪ್ರಜ್ಞಾ ಜೊತೆ ಹಳೆಯ ಹಂಚಿನ ಗೋದಾಮಿನಲ್ಲಿ ಅಭ್ಯಾಸ. ಕಡಲ ಗಾಳಿಗೆ ಇಲ್ಲಿಯ ಕಬ್ಬಿಣವೆಲ್ಲ ಕೊನೆಗೆ ಏನಾಗುತ್ತದೋ ಅದನ್ನೇ ತಂಡಕ್ಕೆ ಹೆಸರಿಟ್ಟಿದ್ದರು. ಅಜ್ಜಿಯ ಮನೆಯನ್ನು ಕಡಲು ತಿಂದ ಮೇಲೆ ಸುಮಿತ್ ಒಂದು ಹಾಡು ಬರೆದಿದ್ದ. ಮಳೆಗಾಲಕ್ಕೆ ಮೊದಲು ದಡಕ್ಕೆ ಕಲ್ಲು ಹಾಕುವುದು, ಕಡಲು ಕಲ್ಲನ್ನೂ ನುಂಗುವುದು, ಮರುವರ್ಷ ಮತ್ತೆ ಟೆಂಡರ್ ಕರೆಯುವುದು, ಎಲ್ಲವೂ ಅದರಲ್ಲಿತ್ತು. ಆದರೆ ಗಂಟಲು ಹರಿಯುವಂತೆ ಅರಚುತ್ತಿದ್ದುದರಿಂದ ಒಂದು ಪದವೂ ಯಾರಿಗೂ ತಿಳಿಯುತ್ತಿರಲಿಲ್ಲ. ಒಬ್ಬರಾದರೂ ಕೊನೆಯವರೆಗೆ ಕೂತು ಕೇಳಿದರೆ ಸಾಕು ಎಂದು ಅವನ ಜೀವ ಹಾತೊರೆಯುತ್ತಿತ್ತು.

ಗೋದಾಮಿನ ನೆರೆಯ ದುಗ್ಗಪ್ಪನಿಗೆ ಗಡಿಯ ನೀರಿನ ತೋಡಿನ ವಿಷಯದಲ್ಲಿ ಒಂದು ಹಳೆಯ ಕೇಸಿತ್ತು. ಗೆದ್ದರೆ ಯಕ್ಷಗಾನದ ಹರಕೆಯಾಟ ಆಡಿಸುವುದೆಂದು ಮೇಳದವರನ್ನು ವಿಚಾರಿಸಿದ. ಅಲ್ಲಿ ಅವನ ಮೊಮ್ಮಕ್ಕಳ ಕಾಲದವರೆಗೆ ಒಂದು ದಿನವೂ ಖಾಲಿ ಇರಲಿಲ್ಲ. ಸಿಟ್ಟಿನಲ್ಲಿ ಮನೆಗೆ ಬಂದರೆ ಗೋದಾಮಿನಿಂದ ಈ ಗದ್ದಲ.

“ಕೇಸ್ ಒಂದ್ ಗೆದ್ರೆ ಈ ಮಕ್ಕಳ್ ಅರ್ಚುದನ್ನೇ ಆಟ ಆಡಸ್ತೆ,” ಎಂದುಬಿಟ್ಟ.

ಕೋರ್ಟಿನ ಮುಂದಿನ ವಾಯಿದೆಗೆ ಎದುರುಪಕ್ಷದವನು ಬರಲಿಲ್ಲ. ಮುಂಬೈಯಲ್ಲಿ ಮಗನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದನಂತೆ. ದುಗ್ಗಪ್ಪ ಕೇಸು ಗೆದ್ದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ತಮಾಷೆಗೆ ಹೇಳಿದ್ದೆಂದು ದುಗ್ಗಪ್ಪ ಜಾರಿಕೊಳ್ಳಲು ನೋಡಿದ. ಹೆಂಡತಿ ರತ್ನ ಬಿಡಲಿಲ್ಲ.

“ಬಾಯ್ ಬಿಟ್ ಹೇಳದ್ದೇ ಹರಕಿ. ತೀರಸ್ದೇ ಇದ್ರೆ ಕೇಸ್ ಮತ್ತ್ ಹುಟ್ಟತ್,” ಎಂದಳು.

ಆಟ ನಡೆಯಿತು. ತಂಡಕ್ಕೆ ವೀಳ್ಯ ಕೊಟ್ಟರು. ವೇಷ ಕಟ್ಟುವ ಚೌಕಿಯಲ್ಲಿ ಗಿಟಾರಿಗೆ ಕುಂಕುಮ ಹಚ್ಚಿದರು. ಊರಿಗೆಲ್ಲ ಪಾಯಸದ ಊಟ. ಉಂಡವರು ಕೆಲವರು ಎದ್ದು ಹೋದರು, ಉಳಿದವರು ಕುರ್ಚಿಯಲ್ಲೇ ನಿದ್ದೆಹೋದರು. ಮೆಟಲ್ ಸಂಗೀತದ ಎದುರು ನಿದ್ದೆಹೋಗುವುದು ಸುಲಭವಲ್ಲ, ಆದರೆ ಪಾಯಸ ಚೆನ್ನಾಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಹರಕೆಯಾಟ ದೇವರಿಗೆ ಸಂದರಾಯಿತು, ಎದುರಿಗೆ ಜನ ಇರಲೇಬೇಕೆಂದಿಲ್ಲ.

ಆಮೇಲೆ ಕೋಟದ ಒಬ್ಬರು ಇದೇ ಹರಕೆ ಹೊತ್ತರು, ಅವರಿಗೆ ದುಬೈ ವೀಸಾ ಬಂತು. ಶಂಕರನಾರಾಯಣದಲ್ಲಿ ಕಾಣೆಯಾಗಿದ್ದ ಎಮ್ಮೆಯೊಂದು ತಾನಾಗಿ ಹಟ್ಟಿಗೆ ಬಂತು. ಬೇಡಿಕೆ ಹುಟ್ಟಿದಲ್ಲಿ ಸಮಿತಿ ಹುಟ್ಟದೆ ಇರುವುದಿಲ್ಲ. ‘ಲೋಹಸಂಗೀತ ಹರಕೆ ಸೇವಾ ಸಮಿತಿ’ ಹುಟ್ಟಿ, ಸರಕಾರಿ ಕಚೇರಿಯಿಂದ ನಿವೃತ್ತರಾದ ಶಾಮರಾಯರು ಅಧ್ಯಕ್ಷರಾದರು. ಬಂದ ಹಣದಲ್ಲಿ ಸಮಿತಿಗೆ ಮುಕ್ಕಾಲು, ತಂಡಕ್ಕೆ ಕಾಲು, ದೇವರಿಗೆ ತೆಂಗಿನಕಾಯಿ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಒಂದು ಪ್ರಕಟಣೆಯೂ ಹೊರಟಿತು:

“ಕಲಾವಿದರ ಕಪ್ಪು ಟೀಶರ್ಟು ಮಡಿಯಲ್ಲಿ ಒಣಗಿಸಿದ್ದಾಗಿರತಕ್ಕದ್ದು. ವಾದ್ಯದ ಬಡಿತಕ್ಕೆ ತಲೆ ಕೊಡವುವ ಹಕ್ಕು ಸೇವಾಕರ್ತರ ಮನೆಯ ಹಿರಿಯರಿಗೆ ಮೀಸಲು; ಬೊಕ್ಕತಲೆಯವರು ಪ್ರತಿನಿಧಿಯನ್ನು ನೇಮಿಸಬಹುದು. ಮೊದಲ ಆಟದಲ್ಲಿ ಯಾರಿಗೂ ಏನೂ ಅರ್ಥವಾಗದೆಯೇ ಸೇವೆ ಸಂದಿರುವುದರಿಂದ, ಇನ್ನು ಮುಂದೆ ಹಾಡಿನ ಪದಗಳು ಯಾರಿಗಾದರೂ ಅರ್ಥವಾದಲ್ಲಿ ಸೇವೆ ಸಂದಿಲ್ಲವೆಂದು ಭಾವಿಸತಕ್ಕದ್ದು.”

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ ಮೋಹಿನಿಯಮ್ಮನ ಮನೆಯ ಆಟ ಬಂತು. ಮಗಳಿಗೆ ಸಂಬಂಧ ಕೂಡಿಬಂದದ್ದಕ್ಕೆ ತೀರಿಸುವ ಹರಕೆ ಅದು. ಬ್ರಹ್ಮಾವರದ ಕಾಲೇಜಿನಲ್ಲಿ ಓದುವ ಶ್ರಾವ್ಯ ಎಂಬ ಹುಡುಗಿ ಒಬ್ಬಳೇ ಬಂದು ಮುಂದಿನ ಸಾಲಿನಲ್ಲಿ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಕಡಲಿನ ಹಾಡು ಮುಗಿದಾಗ ಅವಳ ಕಣ್ಣು ಒದ್ದೆಯಾಗಿತ್ತು. ಸುಮಿತ್ ವೇದಿಕೆಯಿಂದ ಇಳಿದದ್ದೇ ಎದುರಿಗೆ ಬಂದು, ತಮ್ಮ ಮನೆಯ ಅಂಗಳವೂ ಹೀಗೆಯೇ ಹೋಯಿತು ಎಂದಳು. ಸುಮಿತನಿಗೆ ಎದೆ ತುಂಬಿ ಬಂತು. ಇಷ್ಟು ವರ್ಷ ಅರಚಿದ್ದು ಇವತ್ತು ಸಾರ್ಥಕವಾಯಿತು ಅನ್ನಿಸಿತು.

ಪಕ್ಕದಲ್ಲೇ ಎಲೆ ತೆಗೆಸುತ್ತಿದ್ದ ಮೋಹಿನಿಯಮ್ಮ ಇದನ್ನು ಕೇಳಿಸಿಕೊಂಡು ನೇರ ಸಮಿತಿಗೆ ದೂರು ಕೊಟ್ಟರು.

ವಿಚಾರಣೆಗೆ ಎಲ್ಲರೂ ಸೇರಿದರು. ಶಾಮರಾಯರು ಕನ್ನಡಕ ಒರೆಸಿಕೊಂಡು, “ಹೆಣ್ಣೆ, ಹೆದ್ರ್ಕಣ್ಬೇಡ. ನಿಂಗ್ ಎಂತ ಕೇಂಡಿತ್?” ಎಂದು ಕೇಳಿದರು.

“ಕಲ್ಲ್ ಹಾಕುದ್, ಕಡಲ್ ನುಂಗುದ್, ಮತ್ತ್ ಟೆಂಡರ್ ಕರೂದ್.”

“ಬರೀ ಕೇಂಡದ್ದಾ, ಅರ್ಥವೂ ಆಯ್ತಾ?”

“ಅರ್ಥ ಆಯ್ತ್.”

“ಎಷ್ಟ್?”

“ಪೂರಾ.”

ಸಮಿತಿಯವರು ಮುಖ ಮುಖ ನೋಡಿಕೊಂಡರು. ಅರ್ಧವಾಗಿದ್ದರೆ ಪ್ರಾಯಶ್ಚಿತ್ತದಲ್ಲಿ ಮುಗಿಸಬಹುದಿತ್ತು.

“ಕಾಣಿ, ಪೂರಾ ಅರ್ಥ ಆಯ್ತಂಬ್ರ್,” ಎಂದು ಮೋಹಿನಿಯಮ್ಮ ಸೆರಗು ಕಣ್ಣಿಗೊತ್ತಿಕೊಂಡರು. “ನನ್ ಮಗಳ್ ಮದಿ ಸಂಬಂಧದ್ ಗತಿ ಎಂತ ಈಗ?”

ಆಟ ಅಸಿಂಧು ಎಂದು ಶಾಮರಾಯರು ಘೋಷಿಸಿದರು. ಸೇವಾಕರ್ತರು ತಮ್ಮ ಖರ್ಚಿನಲ್ಲೇ ಮತ್ತೊಮ್ಮೆ ಆಡಿಸತಕ್ಕದ್ದು. ಶ್ರಾವ್ಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಯಾವ ಆಟದಲ್ಲೂ ಕುರ್ಚಿಯಲ್ಲಿ ಕೂರತಕ್ಕದ್ದಲ್ಲ. ಮೋಹಿನಿಯಮ್ಮನಿಗೆ ಸಮಾಧಾನವಾಯಿತು. ಶಾಮರಾಯರು ಸುಮಿತನ ಕಡೆ ತಿರುಗಿ, “ನಿನ್ ಸ್ವರ ಈಗೀಗ ಚೂರ್ ಸ್ವಚ್ಛ ಆಯಿತ್ ಮಗಾ, ಜಾಗ್ರತೆ ಮಾಡ್,” ಎಂದು ಪ್ರೀತಿಯಿಂದಲೇ ಎಚ್ಚರಿಸಿದರು.

ಸಿಕ್ಕಿದ ಒಬ್ಬ ಕೇಳುಗರನ್ನೂ ಕಳೆದುಕೊಳ್ಳುವ ಹೊತ್ತು ಬಂದಾಗ ಸುಮಿತ್ ಎದ್ದು ನಿಂತ.

“ರಾಯರೇ, ನಂದೂ ಒಂದ್ ಹರಕಿ ಇತ್ತ್. ಒಬ್ರಾರೂ ಕೂಕಂಡ್ ಕೇಂಡ್ರೆ ಒಂದ್ ಆಟ ಆಡಸ್ತೆ ಅಂದೇಳಿ ಹೇಳ್ಕಂಡಿದ್ದೆ. ಇವ್ಳ್ ಕೇಂಡಾಯ್ತ್. ಇನ್ ಆಟ ಆಡಸ್ಬೇಕ್. ಸೇವಾಕರ್ತ ನಾನೇ, ಇವ್ಳನ್ ನಾನೇ ಎದ್ರಂಗೆ ಕೂರಸ್ತೆ.”

ಸಭೆ ಗಂಭೀರವಾಯಿತು. ಹರಕೆಯನ್ನು ತಡೆದ ಪಾಪ ಯಾರಿಗೆ ಬೇಕು? “ಹೇಳ್ಕಂಡದ್ ತೀರಸ್ಲೇಬೇಕ್,” ಎಂದು ಹಿಂದಿನಿಂದ ರತ್ನ ಹೇಳಿದಳು. ಶಾಮರಾಯರಿಗೂ ನಿಯಮದಲ್ಲಿ ಅಡ್ಡಿ ಕಾಣಲಿಲ್ಲ. ಸೇವಾಕರ್ತರು ತಮಗೆ ಬೇಕಾದವರನ್ನು ಕೂರಿಸಿಕೊಳ್ಳಬಹುದು. ಅವರು ಖಾಲಿ ದಿನ ಹುಡುಕಿದರು. 2061ರ ಮಾರ್ಚಿನಲ್ಲಿ ಒಂದು ಮಂಗಳವಾರ ಸಿಕ್ಕಿತು.

“ಅಷ್ಟ್ ಹೊತ್ತಿಗೆ ನಂಗ್ ಸ್ವರ ಇರತ್ತಾ ರಾಯರೇ?” ಎಂದು ಸುಮಿತ್ ಕೇಳಿದ.

“ಇಲ್ದಿದ್ರೇ ಒಳ್ಳೇದ್. ಪದ ಯಾರಿಗೂ ತಿಳಿತಿಲ್ಲೆ, ಸೇವೆ ಒಂದೇ ಸಲಕ್ಕೆ ಸಂದತ್,” ಎಂದರು ಶಾಮರಾಯರು.

ಇದು ಎಲ್ಲರಿಗೂ ಸರಿಯೆನಿಸಿತು. ಶ್ರಾವ್ಯ ಫೋನು ತೆಗೆದು ತಾರೀಖು ಗುರುತು ಹಾಕಿಕೊಂಡಳು.

“ಆ ದಿನ ನಂಗ್ ಬೇರೆ ಕೆಲ್ಸ ಇಲ್ಲೆ. ಬತ್ತೆ,” ಎಂದಳು.

ಸುಮಿತ್ ಮುಂಗಡ ಕೊಟ್ಟ.